8 ಮೈಕಿನ ಪಟ್ಟಿ: ಸದ್ದು ಯಾವ ದಿಕ್ಕಿಂದ ಬಂತು ಅಂತ ಹೇಳೋಕೆ ಹಿಡಿದ ಮೂರು ತಿಂಗಳು

ಎಂಟು ಮೈಕ್ ಸಾಲಾಗಿ ಜೋಡಿಸಿ, ಕೇಳ್ತಿರೋ ಸದ್ದು ಯಾವ ದಿಕ್ಕಿಂದ ಬರ್ತಿದೆ ಅಂತ ಡಿಗ್ರಿ ಲೆಕ್ಕದಲ್ಲಿ ಹೇಳೋ ಪಟ್ಟಿ ಇದು. ನನ್ನ ಎಂ.ಟೆಕ್ ಪ್ರಾಜೆಕ್ಟಿನ ಅರ್ಧ. ಇನ್ನರ್ಧ ಲ್ಯಾಪ್‌ಟಾಪಲ್ಲಿ ಓಡೋ ಲೆಕ್ಕ, ಅದು ಯಾವಾಗಲೋ ಮುಗಿದಿತ್ತು. ದಿಕ್ಕು ಕಂಡುಹಿಡಿಯೋಕೆ ಮ್ಯೂಸಿಕ್ (MUSIC) ಅಂತ ಒಂದು ಅಲ್ಗಾರಿದಂ ಇದೆ, ರಾಲ್ಫ್ ಶ್ಮಿಟ್ ಅನ್ನೋರದ್ದು, ಅವರ ಪೇಪರ್ 1986ರಲ್ಲಿ ಐಇಇಇ ಜರ್ನಲಲ್ಲಿ ಬಂದಿದ್ದು, ಅದನ್ನ ಪೈಥಾನಲ್ಲಿ ಬರೆದು ಸಿಮ್ಯುಲೇಶನ್ ಓಡಿಸಿದ್ರೆ 30 ಡಿಗ್ರಿಗೆ ಇಟ್ಟ ಸದ್ದಿಗೆ 30ರಲ್ಲೇ ಸೂಜಿ ಥರ ಪೀಕ್ ಬರ್ತಿತ್ತು. ರಿವ್ಯೂನಲ್ಲಿ ಗೈಡ್ ಮೇಡಂ ಗ್ರಾಫ್ ನೋಡಿ, "ಚೆನ್ನಾಗಿದೆ, ಆದ್ರೆ ಇದೆಲ್ಲಾ ನೀನೇ ಹುಟ್ಟಿಸಿದ ಸದ್ದು. ಒಂದೇ ಒಂದು ನಿಜವಾದ ಸದ್ದಿಗೆ ತೋರಿಸಪ್ಪ" ಅಂದ್ರು. ಅಲ್ಲಿಂದ ಶುರು.

ಮಾಡಿದ್ದನ್ನ ಮಾಡಿದ ಕ್ರಮದಲ್ಲೇ ಬರೀತಿದೀನಿ, ಹಾಳಾಗಿದ್ದನ್ನೂ ಸೇರಿಸಿ. ಇದೇ ಕೆಲಸಕ್ಕೆ ಕೈ ಹಾಕೋರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರೋದು ಅಂತ ನನ್ನ ನಂಬಿಕೆ.

ಜೂನ್ 14, 2025 – ಸಾಮಾನು

ತುಮಕೂರಿಂದ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಲ್ಲಿ ಅಂಗಡಿ ಅಂಗಡಿ ಸುತ್ತಿದೆ. ತಗೊಂಡಿದ್ದು:

– ಐಎನ್‌ಎಂಪಿ441 ಮೈಕ್ ಮಾಡ್ಯೂಲ್ 10, ಒಂದಕ್ಕೆ 170 ರೂಪಾಯಿ
– ಇಎಸ್‌ಪಿ32 ಬೋರ್ಡ್ (ಮೈಕಿಂದ ಬರೋ ನಂಬರನ್ನ ಲ್ಯಾಪ್‌ಟಾಪಿಗೆ ಕಳಿಸೋ ಪುಟ್ಟ ಕಂಪ್ಯೂಟರ್) 2, ಒಂದಕ್ಕೆ 390
– ವೈರು, ರೆಸಿಸ್ಟರ್, ಕೆಪ್ಯಾಸಿಟರ್, ಡಾಟ್ ಬೋರ್ಡ್ ಎಲ್ಲಾ ಸೇರಿ 340
– ಪ್ಲೈವುಡ್ ಪಟ್ಟಿ 80 (ಇದು ಊರಲ್ಲೇ ಬಡಗಿ ಹತ್ರ)

ಈ ಮೈಕ್ ಯಾಕೆ ಅಂದ್ರೆ ಇದು ಡಿಜಿಟಲ್. ಒಳಗೇ ಎಡಿಸಿ (ಸದ್ದನ್ನ ನಂಬರ್ ಮಾಡೋ ಭಾಗ) ಇದೆ, ಐ2ಎಸ್ (ಆಡಿಯೋ ನಂಬರ್ ಸಾಗಿಸೋ ಸಂಪರ್ಕ) ತಂತಿ ಮೇಲೆ 24 ಬಿಟ್ ನಂಬರಾಗಿ ಹೊರಗೆ ಬರುತ್ತೆ, ಹಾಗಾಗಿ ಕರೆಂಟಿನ 50 ಹರ್ಟ್ಜ್ ಗುಂಯ್ ಅನ್ನೋದು ತಂತಿ ಮೂಲಕ ಸೇರ್ಕೊಳ್ಳೋ ತಲೆನೋವಿಲ್ಲ, ಪ್ರೀಆಂಪ್ ಕಟ್ಟೋ ಕೆಲಸನೂ ಇಲ್ಲ. ಎಲ್/ಆರ್ ಅಂತ ಒಂದು ಪಿನ್ ಇದೆ, ಅದನ್ನ ಗ್ರೌಂಡಿಗೆ ಕೊಟ್ರೆ ಎಡ ಚಾನೆಲ್, 3.3 ವೋಲ್ಟಿಗೆ ಕೊಟ್ರೆ ಬಲ, ಹೀಗೆ ಒಂದು ಡೇಟಾ ತಂತಿ ಮೇಲೆ ಎರಡು ಮೈಕ್ ಕೂರ್ತವೆ.

ಜೂನ್ 15 ರಿಂದ 28 – ಮೊದಲ ಸಲ ಕಟ್ಟಿದ್ದು, ಪೂರ್ತಿ ವ್ಯರ್ಥ

ಇಎಸ್‌ಪಿ32 ಒಳಗೆ ಎರಡು ಐ2ಎಸ್ ಇದೆ, ಒಂದೊಂದಕ್ಕೆ ಎರಡು ಮೈಕ್, ಒಂದು ಬೋರ್ಡಿಗೆ ನಾಲ್ಕು, ಎರಡು ಬೋರ್ಡಿಗೆ ಎಂಟು ಅಂತ ಲೆಕ್ಕ ಹಾಕಿದ್ದೆ. ಪ್ಲೈವುಡ್ ಪಟ್ಟಿ ಮೇಲೆ 10 ಸೆಂಮೀಗೆ ಒಂದರಂತೆ ಎಂಟು ಮೈಕ್ ಕೂರಿಸಿ, ಎರಡು ಬೋರ್ಡಿಂದ ಎರಡು ಯುಎಸ್‌ಬಿ ಕೇಬಲ್ ಲ್ಯಾಪ್‌ಟಾಪಿಗೆ. ಎಂಟೂ ಚಾನೆಲಲ್ಲಿ ನನ್ನ ಮಾತು ಕೇಳಿಸಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ದಿಕ್ಕು ಮಾತ್ರ ನಿಲ್ತಾನೇ ಇರ್ಲಿಲ್ಲ. ಫೋನಲ್ಲಿ ಸದ್ದು ಹಾಕಿ ನೇರ ಎದುರಿಗೆ (ಅಂದ್ರೆ 0 ಡಿಗ್ರೀಲಿ) ಇಟ್ರೆ ಮೊದಲು 5 ಡಿಗ್ರಿ ತೋರಿಸೋದು, ಕಾಫಿ ಕುಡಿದು ಬರೋ ಅಷ್ಟರಲ್ಲಿ ಎಲ್ಲೆಲ್ಲೋ ಹೋಗಿರೋದು. ಎರಡು ದಿನ ಕೋಡ್ ಹುಡುಕಿದೆ, ಕೋಡಲ್ಲಿ ಏನೂ ತಪ್ಪಿಲ್ಲ. ಕೊನೆಗೆ ದಿಕ್ಕಿನ ಲೆಕ್ಕ ಬಿಟ್ಟು, ಎರಡೂ ಬೋರ್ಡಿನ ಒಂದೊಂದು ಮೈಕ್ ಪಕ್ಕಪಕ್ಕ ಅಂಟಿಸಿ, ಎದುರಿಗೆ ಚಪ್ಪಾಳೆ ತಟ್ಟಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ತಟ್ಟಿ, ಎರಡು ರೆಕಾರ್ಡಿಂಗ್ ಮಧ್ಯೆ ಕ್ರಾಸ್ ಕೋರಿಲೇಶನ್ ತೆಗೆದೆ, ಅಂದ್ರೆ ಒಂದಕ್ಕಿಂತ ಇನ್ನೊಂದು ಎಷ್ಟು ಸ್ಯಾಂಪಲ್ ಹಿಂದಿದೆ ಅನ್ನೋ ಲೆಕ್ಕ. ಮೊದಲನೇ ಚಪ್ಪಾಳೆಗೂ ಎರಡನೇದಕ್ಕೂ ನಡುವೆ ಅಂತರ 11 ಸ್ಯಾಂಪಲ್ ಜಾರಿತ್ತು.

44,100 ಸ್ಯಾಂಪಲ್ ಸೆಕೆಂಡಿಗೆ, ಒಂದು ನಿಮಿಷಕ್ಕೆ 26 ಲಕ್ಷ ಚಿಲ್ಲರೆ, ಅದರಲ್ಲಿ 11 ಅಂದ್ರೆ 4 ಪಿಪಿಎಂ, ಹತ್ತು ಲಕ್ಷಕ್ಕೆ 4. ಎರಡು ಬೇರೆ ಬೇರೆ ಕ್ರಿಸ್ಟಲ್ (ಬೋರ್ಡಿನ ಗಡಿಯಾರ) ಇದ್ದಾಗ ಅಷ್ಟು ವ್ಯತ್ಯಾಸ ಇದ್ದೇ ಇರುತ್ತೆ, ಅದು ಬೋರ್ಡಿನ ದೋಷ ಅಲ್ಲ. ಆದ್ರೆ ನನ್ನ ಕೆಲಸಕ್ಕೆ ಅದೇ ಸಾಕು ಕೆಡಿಸೋಕೆ. ಒಂದು ಸ್ಯಾಂಪಲ್ ಅಂದ್ರೆ ಸದ್ದು ಗಾಳೀಲಿ ಸುಮಾರು 8 ಮಿಮೀ ಸಾಗೋ ಹೊತ್ತು. 11 ಸ್ಯಾಂಪಲ್ ಅಂದ್ರೆ ಪಟ್ಟಿಯ ಅರ್ಧ ಭಾಗ ಮುರ್ಕೊಂಡು ನಿಮಿಷಕ್ಕೆ 9 ಸೆಂಮೀ ಹಿಂದಕ್ಕೆ ನಡ್ಕೊಂಡು ಹೋದಂಗೆ. ಸಿಮ್ಯುಲೇಶನಲ್ಲಿ ಎಂಟೂ ಚಾನೆಲ್ ಒಂದೇ ಕ್ಷಣಕ್ಕೆ ಶುರುವಾಗಿ ಒಂದೇ ಹೆಜ್ಜೆಲಿ ನಡೀತವೆ ಅಂತ ನಾನು ಬರೆದಿರಲೇ ಇಲ್ಲ, ಅದು ತಾನಾಗೇ ಹಾಗಿತ್ತು, ಅದಕ್ಕೇ ನನ್ನ ಗಮನಕ್ಕೂ ಬಂದಿರಲಿಲ್ಲ.

ಒಂದೇ ಬೋರ್ಡಿನ ಎರಡು ಐ2ಎಸ್ ಆದ್ರೂ ಸರಿ ಇದಾವಾ ನೋಡೋಣ ಅಂತ ಅದನ್ನೂ ಅಳೆದೆ. ಜಾರಿಕೆ ಇಲ್ಲ, ಆದ್ರೆ ಶುರುವಾಗೋದ್ರಲ್ಲೇ ಅಂತರ, ಅದೂ ರೀಸೆಟ್ ಒತ್ತಿದಾಗೆಲ್ಲಾ ಬೇರೆ ಬೇರೆ, ಒಂದ್ಸಲ 3 ಸ್ಯಾಂಪಲ್, ಇನ್ನೊಂದ್ಸಲ 7. ಒಂದನ್ನ ಮಾಸ್ಟರ್ ಇನ್ನೊಂದನ್ನ ಸ್ಲೇವ್ ಮಾಡಿ ಕ್ಲಾಕ್ ಹಂಚೋ ದಾರಿ ಇದೆ, ಪ್ರಯತ್ನ ಪಟ್ಟೆ, ನನ್ನ ಕೈಲಿ ಸ್ಥಿರವಾಗ್ಲಿಲ್ಲ, ನಾಲ್ಕು ದಿನಕ್ಕೆ ಕೈ ಬಿಟ್ಟೆ. ಎರಡೂ ಬೋರ್ಡ್ ಈಗ ನನ್ನ ಜೂನಿಯರ್ ಹತ್ರ ಇದೆ.

ಜುಲೈ 5 – ಟೀನ್ಸಿ 4.1

ಆನ್‌ಲೈನಲ್ಲಿ ತರಿಸಿದ ಇನ್ನೊಂದು ಥರದ ಬೋರ್ಡ್, 4,300 ರೂಪಾಯಿ. ಈ ಪ್ರಾಜೆಕ್ಟಲ್ಲಿ ಇದೇ ದೊಡ್ಡ ಖರ್ಚು, ಆದ್ರೆ ಕೊಟ್ಟ ಒಂದೊಂದು ರೂಪಾಯಿಗೂ ಬೆಲೆ ಸಿಕ್ಕಿದೆ. ಇದರಲ್ಲಿ ಒಂದೇ ಐ2ಎಸ್‌ಗೆ ನಾಲ್ಕು ಡೇಟಾ ಇನ್‌ಪುಟ್ ಇದೆ, ಪಿನ್ 8, 6, 9, 32. ಬಿಟ್ ಕ್ಲಾಕ್ (ಒಂದೊಂದು ಬಿಟ್ಟಿಗೂ ತಾಳ ಹಾಕೋ ಸಿಗ್ನಲ್) ಒಂದೇ (ಪಿನ್ 21), ಎಡಬಲ ಕ್ಲಾಕ್ ಒಂದೇ (ಪಿನ್ 20), ಎಂಟೂ ಮೈಕಿಗೆ ಅದೇ ಎರಡು ತಂತಿ. ಆಡಿಯೋ ಲೈಬ್ರರೀಲಿ ಎಂಟು ಚಾನೆಲ್ ಇನ್‌ಪುಟ್ ರೆಡಿ ಇದೆ. ಚಪ್ಪಾಳೆ ಪರೀಕ್ಷೆ ಮಾಡ್ದೆ: ಒಂದು ನಿಮಿಷಕ್ಕೆ ಸೊನ್ನೆ, ಹತ್ತು ನಿಮಿಷಕ್ಕೂ ಸೊನ್ನೆ, ರೀಸೆಟ್ ಮಾಡಿದ್ರೂ ಸೊನ್ನೆ.

ಒಂದು ವಿಷಯ ಮನಸ್ಸಲ್ಲಿರ್ಲಿ, ಆ ಲೈಬ್ರರಿ ಮೇಲಿನ 16 ಬಿಟ್ ಮಾತ್ರ ಇಟ್ಕೊಳ್ಳುತ್ತೆ. ಈ ಮೈಕ್ 94 ಡಿಬಿ ಸದ್ದಿಗೆ ಫುಲ್ ಸ್ಕೇಲಿಗಿಂತ (ಅಂದ್ರೆ ಗರಿಷ್ಠ ನಂಬರಿಗಿಂತ) 26 ಡಿಬಿ ಕೆಳಗೆ ಕೊಡುತ್ತೆ, ಮಾಮೂಲಿ ಮಾತು 60 ಡಿಬಿ ಅಂದ್ಕೊಂಡ್ರೆ ಗರಿಷ್ಠ 32,767 ಇರೋ ಕಡೆ ನಂಬರ್ ಬರೋದು 30ರ ಆಸುಪಾಸಲ್ಲಿ. ನೋಡಿದ ತಕ್ಷಣ ಮೈಕ್ ಸತ್ತಿದೆ ಅನ್ಸುತ್ತೆ, ಸತ್ತಿರಲ್ಲ.

ಜುಲೈ 6 ರಿಂದ 13 – ತಂತಿ

ಎಂಟು ಮೈಕ್, 70 ಸೆಂಮೀ ಪಟ್ಟಿ, ಬ್ರೆಡ್‌ಬೋರ್ಡ್ ಜಂಪರ್ ತಂತಿಗಳು ಒಂದಕ್ಕೊಂದು ಸಿಕ್ಕಿಸಿ ಉದ್ದ ಮಾಡಿದ್ದು. 5 ಮತ್ತು 6ನೇ ಚಾನೆಲ್ ಉಳಿದವುಗಳ ಎರಡರಷ್ಟು ಜೋರಾಗಿ ಬರ್ತಿದ್ವು, ಮಧ್ಯೆ ಮಧ್ಯೆ ಟಪ್ ಟಪ್ ಅಂತ ಸಿಡಿಯೋ ಸದ್ದು. ಮೊದಲು ಮೈಕ್‌ಗಳೇ ಸೂಕ್ಷ್ಮ ಜಾಸ್ತಿ ಇರ್ಬೇಕು ಅಂದ್ಕೊಂಡು ಸಾಫ್ಟ್‌ವೇರಲ್ಲಿ ಅರ್ಧ ಮಾಡಿ ಸುಮ್ಮನಾಗಿಬಿಟ್ಟೆ. ಹಾಗೆ ಮುಚ್ಚಿಹಾಕಬಾರದಿತ್ತು. ಸರಿಯಾಗಿ ಎರಡರಷ್ಟು ಅಂದ್ರೆ ಒಂದು ಬಿಟ್ ಜಾರಿದೆ ಅಂತಲೇ ಅರ್ಥ.

ಬಿಟ್ ಕ್ಲಾಕ್ 44,100 ಗುಣಿಸು 64, ಅಂದ್ರೆ 2.82 ಮೆಗಾಹರ್ಟ್ಜ್. ಲ್ಯಾಬಿನ ಆಸಿಲೋಸ್ಕೋಪ್ ಹಾಕಿ ನೋಡಿದ್ರೆ ಪಟ್ಟಿಯ ಕೊನೇಲಿ ಕ್ಲಾಕಿನ ಅಂಚು ಚೌಕವಾಗಿರೋ ಬದಲು ಏರಿಳಿದು ಕುಣೀತಿತ್ತು, ಮೈಕ್ ಒಂದೇ ಅಂಚನ್ನ ಎರಡು ಸಲ ಎಣಿಸ್ತಿತ್ತು. ಲ್ಯಾಬ್ ಅಟೆಂಡರ್ ಅಣ್ಣ ಹಿಂದಿನಿಂದ ನೋಡಿ, "ಏನ್ರೀ ಇದು, ಗ್ರೌಂಡ್ ಒಂದೇ ತಂತೀಲಿ ಇಡೀ ಊರಿಗೆ ಹಂಚಿದೀರಾ" ಅಂದ್ರು. ಅವರು ಹೇಳಿದ್ದೇ ಸರಿ. ಮಾಡಿದ್ದು ಇಷ್ಟು:

1. ಜಂಪರ್ ಎಲ್ಲಾ ಕಿತ್ತು ಸೋಲ್ಡರ್ ಮಾಡ್ದೆ.
2. ಕ್ಲಾಕಿನ ಎರಡೂ ತಂತಿಗೆ ಟೀನ್ಸಿ ಪಕ್ಕದಲ್ಲೇ 47 ಓಮ್ ರೆಸಿಸ್ಟರ್ ಸರಣೀಲಿ.
3. ಪ್ರತಿ ಸಿಗ್ನಲ್ ತಂತಿ ಜೊತೆ ಒಂದು ಗ್ರೌಂಡ್ ತಂತಿ ಹೊಸೆದು.
4. ಪ್ರತಿ ಮೈಕಿನ ಪವರ್ ಪಿನ್ ಹತ್ರ 100 ನ್ಯಾನೋಫ್ಯಾರಡ್ ಕೆಪ್ಯಾಸಿಟರ್.

ಸಿಡಿಯೋದು ನಿಂತೋಯ್ತು, ಎರಡರಷ್ಟು ಅನ್ನೋದೂ ಹೋಯ್ತು.

ಇದೇ ವಾರ ಎರಡು ಮೈಕ್ ಕೊಂದೆ. ಸೋಲ್ಡರ್ ಆದ್ಮೇಲೆ ಫ್ಲಕ್ಸ್ ಅಂಟಂಟಾಗಿತ್ತು ಅಂತ ಐಪಿಎ ಅನ್ನೋ ಆಲ್ಕೋಹಾಲಲ್ಲಿ ಬ್ರಷ್ ಅದ್ದಿ ತಿಕ್ಕಿದೆ. ಮೈಕಿನ ಬಾಯಿ ಅಂದ್ರೆ ಬೋರ್ಡಿನಲ್ಲಿರೋ ಒಂದು ಸಣ್ಣ ತೂತು, ಅದರೊಳಗೆ ದ್ರವ ಇಳಿದ್ರೆ ಮುಗೀತು. ಹಂಗೇ ಆಯ್ತು. ಈಗ ಸೋಲ್ಡರ್ ಮಾಡೋವಾಗಲೇ ತೂತಿನ ಮೇಲೆ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯೋ ಟೇಪ್) ಹಾಕ್ತೀನಿ, ಫ್ಲಕ್ಸ್ ಇದ್ರೆ ಇರ್ಲಿ ಅಂತ ಬಿಡ್ತೀನಿ.

ಮೂರನೇ ಮೈಕ್ ಸತ್ತಿದ್ದು ಗ್ಲೂ ಗನ್ನಿಂದ. ಆ ತೂತು ಇರೋದು ಬೋರ್ಡಿನ ಹಿಂಬದಿ, ಲೋಹದ ಡಬ್ಬಿ ಕಾಣೋ ಬದಿ ಅಲ್ಲ. ನಾನು ಡಬ್ಬಿ ಎದುರಿಗೆ ಕಾಣೋ ಹಾಗೆ ಇಟ್ಟು, ಬಾಯಿ ಇರೋ ಬದೀನ ಪ್ಲೈವುಡ್ಡಿಗೆ ಅಂಟಿಸಿದ್ದೆ, ಎಂಟನ್ನೂ. ಸದ್ದು ಸುತ್ತಿ ಬಳಸಿ ಬರ್ತಿತ್ತು, ಕೆಲವಕ್ಕೆ ಮರ ಮುಚ್ಚಿತ್ತು. ಎಲ್ಲಾ ಕಿತ್ತು ತಿರುಗಿಸಿ ಕೂರಿಸೋವಾಗ ಒಂದಕ್ಕೆ ಅಂಟು ಒಳಗೆ ಹೋಗಿಬಿಟ್ಟಿತ್ತು. ಮತ್ತೆ 4 ಮೈಕ್ ತರಿಸಿದೆ, ಈ ಸಲ 190ರಂತೆ.

ಜುಲೈ 16 – ಚಾನೆಲ್ ತಿರುಗಿಬಿಡೋದು

ಎಂಟು ಚಾನೆಲ್, ಎರಡು ಬೈಟ್, 44,100: ಸೆಕೆಂಡಿಗೆ 7 ಲಕ್ಷ ಬೈಟ್. ಟೀನ್ಸಿಯ ಯುಎಸ್‌ಬಿಗೆ ಇದು ಏನೂ ಅಲ್ಲ. ಆದ್ರೆ ನನ್ನ ಪೈಥಾನ್ ಕೋಡ್ ಗ್ರಾಫ್ ಬರೆಯೋಕೆ ಅಂತ ನಿಂತಾಗ ಬಫರ್ ತುಂಬಿ ಕೆಲವು ಬೈಟ್ ಬಿದ್ದೋಗ್ತಿದ್ವು, ಬಿದ್ದಿದ್ದು ಎರಡೇ ಬೈಟ್ ಆದ್ರೂ ಅಲ್ಲಿಂದ ಮುಂದಕ್ಕೆ 1ನೇ ಚಾನೆಲ್ 8 ಆಗಿ, 2 ಬಂದು 1ರ ಜಾಗದಲ್ಲಿ ಕೂತು, ದಿಕ್ಕು ಎಲ್ಲೋ. ನೋಡೋಕೆ ಎಂಟೂ ಚಾನೆಲ್ ಚೆನ್ನಾಗೇ ಇರೋದ್ರಿಂದ ಕಣ್ಣಿಗೆ ಗೊತ್ತೇ ಆಗಲ್ಲ.

128 ಸ್ಯಾಂಪಲಿನ ಬ್ಲಾಕಿಗೆ ಒಂದರಂತೆ, ಮುಂದೆ 8 ಬೈಟಿನ ಹೆಡರ್ ಹಾಕ್ದೆ: ಒಂದು ಗುರುತಿನ ಪದ, ಒಂದು ಎಣಿಕೆ. ಎಣಿಕೆ ತಪ್ಪಿದ್ರೆ ಆ ತುಣುಕನ್ನೇ ಎಸೆದುಬಿಡು. ಗ್ರಾಫ್ ಬೇರೆ ಥ್ರೆಡ್‌ಗೆ ಹಾಕ್ದೆ. ಜೊತೆಗೆ ಇನ್ನೊಂದು ಅಭ್ಯಾಸ ಮಾಡ್ಕೊಂಡೆ, ಪ್ರತಿ ದಿನ ಶುರು ಮಾಡೋ ಮುಂಚೆ ಒಂದೊಂದೇ ಮೈಕ್ ಪಕ್ಕ ಉಗುರಿಂದ ಮೆಲ್ಲಗೆ ತಟ್ಟಿ, ಸ್ಕ್ರೀನಲ್ಲಿ 1, 2, 3 ಅಂತ ಅದೇ ಕ್ರಮದಲ್ಲಿ ಕುಣೀತಾವಾ ನೋಡೋದು. ಒಂದು ನಿಮಿಷದ ಕೆಲಸ. ಈ ತಟ್ಟೋ ಪರೀಕ್ಷೇಲೇ 3 ಮತ್ತು 4 ಅದಲು ಬದಲಾಗಿದ್ದು ಸಿಕ್ಕಿತ್ತು, ಎಲ್/ಆರ್ ಪಿನ್ ಉಲ್ಟಾ ಕೊಟ್ಟಿದ್ದೆ.

ಜುಲೈ 19 – ಇಲ್ಲದ ಜಾಗದಲ್ಲಿ ಇನ್ನೊಂದು ಫೋನ್

ಫೋನಲ್ಲಿ 3 ಕಿಲೋಹರ್ಟ್ಜ್ ಟೋನ್, 30 ಡಿಗ್ರೀಲಿ. ಮೊದಲು ಬಂದಿದ್ದು ಮೈನಸ್ 30. ಸ್ಟಿಯರಿಂಗ್ ವೆಕ್ಟರಲ್ಲಿ (ಒಂದು ದಿಕ್ಕಿನ ಸದ್ದು ಒಂದೊಂದು ಮೈಕಿಗೆ ಎಷ್ಟು ತಡವಾಗಿ ಬರುತ್ತೆ ಅನ್ನೋ ಲೆಕ್ಕದಲ್ಲಿ) ಘಾತದ ಚಿಹ್ನೆ ಉಲ್ಟಾ, ಪ್ಲಸ್ ಇದ್ದಲ್ಲಿ ಮೈನಸ್ ಮಾಡ್ದೆ, ಸರಿಹೋಯ್ತು. ಸಿಮ್ಯುಲೇಶನಲ್ಲಿ ಸದ್ದು ಹುಟ್ಟಿಸೋದ್ರಲ್ಲೂ ಅದೇ ತಪ್ಪು ಮಾಡಿದ್ದರಿಂದ ಎರಡು ತಪ್ಪು ಒಂದಕ್ಕೊಂದು ಹೊಡ್ಕೊಂಡು ಹೋಗಿತ್ತು, ಅಷ್ಟು ದಿನ ಕಂಡಿರಲಿಲ್ಲ.

ಸರಿಮಾಡಿದ್ಮೇಲೆ 30ರಲ್ಲಿ ಪೀಕ್ ಬಂತು, ಜೊತೆಗೆ ಅಷ್ಟೇ ಎತ್ತರದ ಇನ್ನೊಂದು ಪೀಕ್ ಮೈನಸ್ 41ರಲ್ಲಿ. ಗೋಡೆ ಪ್ರತಿಧ್ವನಿ ಅಂದ್ಕೊಂಡು ಪಟ್ಟೀನ ಕೋಣೆಯ ಬೇರೆ ಬೇರೆ ಮೂಲೆಗೆ ಹೊತ್ಕೊಂಡು ಹೋಗಿ ಅರ್ಧ ದಿನ ಕಳೆದೆ, ಮೈನಸ್ 41 ಅಲ್ಲಾಡ್ಲಿಲ್ಲ. ಪ್ರತಿಧ್ವನಿ ಆಗಿದ್ರೆ ಜಾಗ ಬದಲಾದಾಗ ಬದಲಾಗ್ಬೇಕಿತ್ತು ಅಲ್ವಾ. ಪೇಪರ್ ತಗೊಂಡು ಕೂತೆ: ಅವತ್ತಿನ 26 ಡಿಗ್ರಿ ಸೆಲ್ಸಿಯಸ್‌ಗೆ ಸದ್ದಿನ ವೇಗ ಸೆಕೆಂಡಿಗೆ 347 ಮೀಟರ್, 3 ಕಿಲೋಹರ್ಟ್ಜ್‌ಗೆ ತರಂಗದ ಉದ್ದ 11.6 ಸೆಂಮೀ, ನನ್ನ ಮೈಕ್ ಅಂತರ 10 ಸೆಂಮೀ. ಅಂತರ ಅರ್ಧ ತರಂಗಕ್ಕಿಂತ ಕಮ್ಮಿ ಇರ್ಬೇಕು. ಸೈನ್ 30 ಅಂದ್ರೆ 0.5, ಅದರಲ್ಲಿ 1.16 ಕಳೆದ್ರೆ ಮೈನಸ್ 0.66, ಅದರ ಕೋನ ಮೈನಸ್ 41. ಸರಿಯಾಗಿ ಕೂತ್ಕೊಳ್ತು. ನಾಲ್ಕನೇ ಸೆಮಿಸ್ಟರ್ ಬಿಇನಲ್ಲಿ ಓದಿದ್ದ ಸ್ಯಾಂಪ್ಲಿಂಗ್ ನಿಯಮವೇ ಇದು, ಅಲ್ಲಿ ಕಾಲದಲ್ಲಿ, ಇಲ್ಲಿ ಜಾಗದಲ್ಲಿ. ಪಟ್ಟಿ ಉದ್ದ ಇದ್ದಷ್ಟೂ ಪೀಕ್ ಚೂಪಾಗುತ್ತೆ ಅನ್ನೋ ಆಸೇಲಿ 10 ಸೆಂಮೀ ಇಟ್ಟಿದ್ದೆ, ಅಷ್ಟಕ್ಕೆ 1.7 ಕಿಲೋಹರ್ಟ್ಜ್ ಮೇಲೆ ಏನೂ ನಂಬೋ ಹಾಗಿಲ್ಲ.

ಜುಲೈ 26 – ಎರಡನೇ ಪಟ್ಟಿ

ಅಂತರ 4 ಸೆಂಮೀ. ಸುಮಾರು 4.3 ಕಿಲೋಹರ್ಟ್ಜ್‌ವರೆಗೆ ಕ್ಷೇಮ, ನಾನು 4ಕ್ಕೇ ನಿಲ್ಲಿಸ್ತೀನಿ. ಈ ಸಲ ಸ್ಕೇಲು ಪೆನ್ಸಿಲ್ ಬಿಟ್ಟು, ಸೈನ್‌ಬೋರ್ಡ್ ಮಾಡೋ ಅಂಗಡೀಲಿ 3 ಮಿಮೀ ಅಕ್ರಿಲಿಕ್ ಶೀಟಿಗೆ ಲೇಸರಲ್ಲಿ ತೂತು ಹೊಡೆಸಿದೆ, 260 ರೂಪಾಯಿ. ಪ್ಲೈವುಡ್ಡಿನಲ್ಲಿ ಕೈಯಲ್ಲಿ ಕೂರಿಸಿದ್ದಾಗ ಕೆಲವು ಮೈಕ್ 2 ಮಿಮೀ ಆಚೀಚೆ ಇದ್ವು. ಕಾಲರ್ ಮೈಕಿನ ಸ್ಪಂಜ್ ಟೋಪಿ 8, ಒಂದಕ್ಕೆ 15.

ಹೊಸ ಪಟ್ಟೀನ ಮೇಜಿನ ಮೇಲಿಟ್ಟು 60 ಸೆಂಮೀ ದೂರದಲ್ಲಿ ಫೋನ್ ಇಟ್ಟು ಅಳೆದ್ರೆ ಪೀಕ್ ಗುಡ್ಡದ ಥರ ಅಗಲ. ಮೊದಲ ಮೈಕಿಂದ ಕೊನೆಯ ಮೈಕಿಗೆ 28 ಸೆಂಮೀ, 4 ಕಿಲೋಹರ್ಟ್ಜ್‌ಗೆ ಅಲೆ ನೇರವಾಗಿ ಬರ್ತಿದೆ ಅಂತ ಅಂದ್ಕೊಳ್ಳೋಕೆ ಕನಿಷ್ಠ 1.8 ಮೀಟರ್ ದೂರ ಬೇಕು. 3 ಮೀಟರಿಗೆ ಸರಿಸಿದೆ, ಪೀಕ್ ಚೂಪಾಯ್ತು.

ಆಗಸ್ಟ್ 2 – ಸೆಮಿನಾರ್ ಹಾಲ್

ಇಲ್ಲಿ ಸೋತೆ. 20 ಡಿಗ್ರೀಲಿ ಸ್ಪೀಕರ್ ಇಟ್ರೆ 11ರಲ್ಲಿ ಒಂದು ದಪ್ಪ ದಿಬ್ಬ. ಸ್ಪೀಕರ್ ಒಂದು ಅಡಿ ಸರಿಸಿದ್ರೆ 26. ಒಂದು ಬದಿ ಪೂರ್ತಿ ಗಾಜಿನ ಕಿಟಕಿ, ನೆಲ ಗ್ರಾನೈಟ್. ಫ್ಯಾನ್ ಆಫ್ ಮಾಡ್ದೆ, 500 ಹರ್ಟ್ಜ್ ಕೆಳಗಿಂದೆಲ್ಲಾ ತೆಗೆದೆ, ಸ್ವಲ್ಪವೂ ಸುಧಾರಿಸ್ಲಿಲ್ಲ. ಪ್ರತಿಧ್ವನಿ ಅಂತ ಗೊತ್ತಾಯ್ತು, ಆದ್ರೆ ಪ್ರತಿಧ್ವನಿ ಬಂದ್ರೆ ಎರಡು ಪೀಕ್ ಬರ್ಬೇಕಲ್ವಾ, ಒಂದೇ ಬಂದು ಅದೂ ಸರಿಯಾದ ಜಾಗದಲ್ಲಿ ಇಲ್ದೇ ಇರೋದು ಯಾಕೆ ಅಂತ ಅವತ್ತು ಅರ್ಥವಾಗ್ಲಿಲ್ಲ. ನೋಟ್‌ಬುಕ್ಕಲ್ಲಿ ಬರೆದಿಟ್ಟು ಹಾಲ್ ಬೀಗ ಹಾಕಿ ಬಂದೆ.

ಆಗಸ್ಟ್ 9, 10 – ಹಾಸ್ಟೆಲ್ ತಾರಸಿ

ಗೋಡೆ ಇಲ್ಲದ ಜಾಗ ಬೇಕು ಅಂತ ತಾರಸಿ. ಮಳೆಗಾಲ, ಪಟ್ಟಿ ಮೇಲೆ ಪ್ಲಾಸ್ಟಿಕ್ ಕವರ್ ರೆಡಿ ಇಟ್ಕೊಂಡು, ರಾತ್ರಿ 10ರ ಮೇಲೆ ರೋಡಲ್ಲಿ ಗಾಡಿ ಕಮ್ಮಿ ಆದ್ಮೇಲೆ. 3 ಮೀಟರ್ ದಾರ ಕಟ್ಟಿ ಸೀಮೆಸುಣ್ಣದಲ್ಲಿ ಅರ್ಧ ವೃತ್ತ ಎಳೆದು 15 ಡಿಗ್ರಿಗೊಂದು ಗುರುತು. ಜೂನಿಯರ್ ಬ್ಲೂಟೂತ್ ಸ್ಪೀಕರ್ ಹಿಡ್ಕೊಂಡು ಗುರುತಿಂದ ಗುರುತಿಗೆ, ನಾನು ಲ್ಯಾಪ್‌ಟಾಪ್ ಹತ್ರ.

ಮೊದಲು ಕ್ಯಾಲಿಬ್ರೇಶನ್. ನೇರ ಎದುರಿಗೆ 4 ಮೀಟರಲ್ಲಿ ಪಿಂಕ್ ನಾಯ್ಸ್ (ಎಲ್ಲಾ ಫ್ರೀಕ್ವೆನ್ಸಿ ಬೆರೆತ ಸದ್ದು) ಹಾಕಿ, 1ನೇ ಮೈಕಿಗೆ ಹೋಲಿಸಿ ಉಳಿದ ಏಳರ ಗೇನು, ಫೇಸು ಒಂದೊಂದು ಫ್ರೀಕ್ವೆನ್ಸಿಗೂ ಬರೆದಿಟ್ಕೊಂಡೆ. ಈ ಮೈಕ್‌ಗಳಿಗೆ ಡೇಟಾಶೀಟಲ್ಲೇ ಪ್ಲಸ್ ಮೈನಸ್ 3 ಡಿಬಿ ಬಿಟ್ಟಿದಾರೆ, ನನ್ನ 6ನೇದು 0.9 ಡಿಬಿ ಕಮ್ಮಿ ಬಂತು.

512 ಪಾಯಿಂಟ್ ಎಫ್‌ಎಫ್‌ಟಿ (ಸದ್ದನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕ), 2 ಸೆಕೆಂಡ್ ರೆಕಾರ್ಡಿಂಗ್. ಬಂದ ಉತ್ತರ: 0 ಇಟ್ಟಿದ್ದಕ್ಕೆ 0.5, 15ಕ್ಕೆ 14.2, 30ಕ್ಕೆ 29, 45ಕ್ಕೆ 43.6, 60ಕ್ಕೆ 57, 75ಕ್ಕೆ 66. ಪಕ್ಕಕ್ಕೆ ಹೋದಷ್ಟೂ ಕೆಡೋದು ನೇರ ಪಟ್ಟಿಯ ಗುಣ, ಅಲ್ಲಿ ಕೋನ ಎಷ್ಟು ಬದಲಾದ್ರೂ ಮೈಕುಗಳ ನಡುವಿನ ಸಮಯ ಅಷ್ಟೊಂದು ಬದಲಾಗಲ್ಲ. 60ರೊಳಗೆ 3 ಡಿಗ್ರಿ. ಐಗನ್ ವ್ಯಾಲ್ಯೂ (ಮ್ಯಾಟ್ರಿಕ್ಸಿಂದ ಬರೋ ಎಂಟು ನಂಬರ್, ಬೇರೆ ಬೇರೆ ಸದ್ದು ಎಷ್ಟಿವೆಯೋ ಅಷ್ಟು ದೊಡ್ಡವು ಬರ್ಬೇಕು) ಪ್ರಿಂಟ್ ಮಾಡಿ ನೋಡ್ದೆ: ಒಂದು ದೊಡ್ಡದು, ಉಳಿದ ಏಳು ತಳದಲ್ಲಿ. ಪುಸ್ತಕದಲ್ಲಿ ಇರೋ ಹಂಗೇ. ರಾತ್ರಿ ಒಂದು ಗಂಟೆಗೆ ತಾರಸಿ ಮೇಲೆ ನಾವಿಬ್ರೂ ಆ ಎಂಟು ನಂಬರನ್ನ ಎಷ್ಟು ಹೊತ್ತು ನೋಡ್ತಾ ನಿಂತಿದ್ವೋ.

ಆಗಸ್ಟ್ 30 – ಗಣೇಶನ ಪೆಂಡಾಲು

27ಕ್ಕೆ ಹಬ್ಬ ಆಯ್ತು. ಹಾಸ್ಟೆಲ್ ಎದುರಿನ ರೋಡಲ್ಲಿ ಗಣಪತಿ ಕೂರಿಸಿದ್ರು, ಬಿದಿರು ಗಳಕ್ಕೆ ಎರಡು ಹಾರ್ನ್ ಸ್ಪೀಕರ್, ಪೆಂಡಾಲಿನ ಆ ಕಡೆ ಒಂದು ಈ ಕಡೆ ಒಂದು, ಎರಡಕ್ಕೂ ಒಂದೇ ಆಂಪ್ಲಿಫೈಯರ್. ತಾರಸಿಯಿಂದ ಸುಮಾರು 35 ಮೀಟರ್. ಎರಡು ಸದ್ದಿನ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಾ ಅಂತ ಪಟ್ಟಿ ಹೊತ್ಕೊಂಡು ಹತ್ತಿದೆ. ಕೋನಮಾಪಕದ ಮೇಲೆ ಸ್ಟ್ರಾ ಇಟ್ಟು ಕಣ್ಣಲ್ಲಿ ಗುರಿ ಹಿಡಿದು ಅಳೆದೆ: ಎಡದ ಹಾರ್ನ್ ಮೈನಸ್ 20, ಬಲದ್ದು ಪ್ಲಸ್ 22.

ಎರಡು ಮೂಲ ಇದೆ ಅಂತ ಹೇಳಿ ಮ್ಯೂಸಿಕ್ ಓಡಿಸಿದ್ರೆ 3 ಡಿಗ್ರಿ ಹತ್ರ ಒಂದು ದಿಬ್ಬ. ಅಲ್ಲಿ ಇದ್ದಿದ್ದು ಗಣಪತಿ, ಸ್ಪೀಕರಲ್ಲ. ಐಗನ್ ವ್ಯಾಲ್ಯೂ ನೋಡಿದ್ರೆ ದೊಡ್ಡದು ಒಂದೇ! ಕಣ್ಣೆದುರಿಗೆ ಎರಡು ಹಾರ್ನ್ ಕಿರುಚ್ತಾ ಇವೆ, ಮ್ಯಾಟ್ರಿಕ್ಸಿಗೆ ಒಂದೇ ಕಾಣ್ತಿದೆ. ಆಗ ಸೆಮಿನಾರ್ ಹಾಲ್ ನೆನಪಾಯ್ತು. ಒಂದೇ ಆಂಪ್ಲಿಫೈಯರಿಂದ ಎರಡು ಹಾರ್ನ್, ಒಂದೇ ಸ್ಪೀಕರಿಂದ ಒಂದು ನೇರ ಸದ್ದು ಒಂದು ಗಾಜಿಂದ ಬಂದ ಸದ್ದು, ಎರಡೂ ಕಡೆ ಒಂದೇ ಹಾಡು ಎರಡು ದಾರೀಲಿ ಬರ್ತಿದೆ. ಒಂದು ಇನ್ನೊಂದರ ನಕಲು ಆದಾಗ ಕೋವೇರಿಯನ್ಸ್ ಮ್ಯಾಟ್ರಿಕ್ಸಲ್ಲಿ (ಮೈಕುಗಳ ಸಿಗ್ನಲ್ ಒಂದಕ್ಕೊಂದು ಎಷ್ಟು ಹೋಲ್ತವೆ ಅನ್ನೋ ಕೋಷ್ಟಕದಲ್ಲಿ) ಅವೆರಡೂ ಬೆರೆತು ಒಂದೇ ದಿಕ್ಕಾಗಿ ಕೂತುಬಿಡ್ತವೆ, ಆ ದಿಕ್ಕು ಎರಡರಲ್ಲಿ ಯಾವುದೂ ಅಲ್ಲ. ನನ್ನ ಸಿಮ್ಯುಲೇಶನಲ್ಲಿ ಎರಡು ಮೂಲ ಅಂದಾಗೆಲ್ಲಾ ಎರಡು ಬೇರೆ ಬೇರೆ ರ‍್ಯಾಂಡಮ್ ಸಿಗ್ನಲ್ ಹಾಕ್ತಿದ್ದೆ, ಅದಕ್ಕೇ ಅಲ್ಲಿ ಯಾವತ್ತೂ ತೊಂದರೆ ಬಂದಿರಲಿಲ್ಲ.

ಇದಕ್ಕೆ ಮದ್ದು 1985ರಿಂದಲೇ ಇದೆ, ಶಾನ್, ವ್ಯಾಕ್ಸ್, ಕೈಲಾತ್ ಮೂವರ ಪೇಪರ್, ಸ್ಪೇಶಿಯಲ್ ಸ್ಮೂದಿಂಗ್. ಎಂಟು ಮೈಕನ್ನ 1–5, 2–6, 3–7, 4–8 ಅಂತ ನಾಲ್ಕು ಸಣ್ಣ ಪಟ್ಟಿ ಅಂದ್ಕೊಂಡು, ನಾಲ್ಕರ ಮ್ಯಾಟ್ರಿಕ್ಸ್ ಕೂಡಿಸಿ ಸರಾಸರಿ ತೆಗೆಯೋದು. ಪೈಥಾನಲ್ಲಿ ಆರು ಸಾಲು. ಅಲ್ಲೇ ತಾರಸಿ ಮೇಲೆ ಕೂತು ಬರೆದು, ಅದೇ ರೆಕಾರ್ಡಿಂಗಿಗೆ ಓಡಿಸಿದೆ.

ಎರಡು ಪೀಕ್. ಮೈನಸ್ 18, ಪ್ಲಸ್ 24.

ಎರಡೂ ಒಂದೇ ಕಡೆಗೆ 2 ಡಿಗ್ರಿ ಜರುಗಿದ್ವು, ಅಂದ್ರೆ ಅಲ್ಗಾರಿದಮ್ ತಪ್ಪಲ್ಲ, ನಾನು ಪಟ್ಟೀನೇ 2 ಡಿಗ್ರಿ ಸೊಟ್ಟ ಇಟ್ಟಿದೀನಿ. ಕೆಳಗೆ ನೋಡಿದ್ರೆ ಸ್ಟೂಲಿನ ಒಂದು ಕಾಲು ಸೀಮೆಸುಣ್ಣದ ಗೆರೆ ದಾಟಿತ್ತು. ಸ್ಮೂದಿಂಗಿಗೆ ಕೊಟ್ಟ ಬೆಲೆ ಅಂದ್ರೆ ಐದು ಮೈಕಿನ ಪಟ್ಟಿಯಷ್ಟೇ ಚೂಪು ಉಳಿಯೋದು, 28 ಸೆಂಮೀ ಇದ್ದಿದ್ದು 16 ಆಯ್ತು, ಪೀಕ್‌ಗಳು ಅಗಲ ಆದ್ವು. ಕೊಡಬಹುದಾದ ಬೆಲೆ.

ಕೆಳಗೆ ಪ್ರಸಾದ ಹಂಚ್ತಿದ್ರು, ಕಮಿಟಿಯ ಹುಡುಗ್ರಿಗೆ ಗ್ರಾಫ್ ತೋರಿಸಿದೆ. "ಅಣ್ಣ, ಇದು ನಮ್ ಸ್ಪೀಕರಾ?" ಅಂತ ಆ ಎರಡು ಪೀಕ್ ಮೇಲೆ ಬೆರಳಿಟ್ಟು ಕೇಳಿದ್ರು.

ಸೆಪ್ಟೆಂಬರ್ 6 – ಮತ್ತೆ ಸೆಮಿನಾರ್ ಹಾಲ್

ಆಗಸ್ಟ್ 2ರ ರೆಕಾರ್ಡಿಂಗ್ ಅಳಿಸದೇ ಇಟ್ಟಿದ್ದು ಒಳ್ಳೇದಾಯ್ತು. ಅದಕ್ಕೇ ಸ್ಮೂದಿಂಗ್ ಹಾಕಿ ನೋಡ್ದೆ: 21ರಲ್ಲಿ ಒಂದು, ಮೈನಸ್ 35ರಲ್ಲಿ ಒಂದು. ಮೈನಸ್ 35 ಸರಿಯಾಗಿ ಗಾಜಿನ ಕಿಟಕಿ ಕಡೆ. ಖಾತ್ರಿ ಮಾಡ್ಕೊಳ್ಳೋಕೆ ಹಾಲಿಗೆ ಹೋಗಿ ಹಾಸ್ಟೆಲಿಂದ ತಂದ ಎರಡು ದಪ್ಪ ಕಂಬಳಿ ಕಿಟಕಿಗೆ ನೇತುಹಾಕಿ ಮತ್ತೆ ಅಳೆದೆ, ಮೈನಸ್ 35ರ ಪೀಕ್ ಅರ್ಧಕ್ಕಿಂತ ಕೆಳಗೆ ಇಳೀತು, 21 ಹಂಗೇ ನಿಂತ್ಕೊಳ್ತು. ಮೇಡಮ್ಮಿಗೆ ಕಂಬಳಿ ಹಾಕಿ, ತೆಗೆದು, ಎರಡೂ ತೋರಿಸಿದೆ. ಅವರು ಕೇಳಿದ ಒಂದೇ ಪ್ರಶ್ನೆ: "ಯಾವುದು ನೇರ, ಯಾವುದು ಪ್ರತಿಧ್ವನಿ ಅಂತ ಕಂಬಳಿ ಇಲ್ದೆ ಹೆಂಗೆ ಹೇಳ್ತೀಯಾ?"

ಸದ್ಯ ಅಲ್ಲೇ ನಿಂತಿದೀನಿ. ಎತ್ತರ ಇರೋ ಪೀಕೇ ನೇರದ್ದು ಅಂತ ಹೇಳೋಕಾಗಲ್ಲ, ಸ್ಪೀಕರ್ ಮುಖ ಕಿಟಕಿ ಕಡೆ ತಿರುಗಿಸಿದಾಗ ಮೈನಸ್ 35 ಎತ್ತರ ಬಂತು, ಅಷ್ಟಕ್ಕೂ ಮ್ಯೂಸಿಕ್ ಪೀಕಿನ ಎತ್ತರಕ್ಕೂ ಸದ್ದಿನ ಜೋರಿಗೂ ನೇರ ಸಂಬಂಧ ಇಲ್ಲ. ಎರಡೂ ದಿಕ್ಕಿಗೆ ಬೇರೆ ಬೇರೆ ಬೀಮ್ ಮಾಡಿ (ಆ ಕಡೆಯಿಂದ ಬರೋ ಸದ್ದನ್ನ ಮಾತ್ರ ಎತ್ತಿ ತೆಗೆದು), ಅವೆರಡರ ಮಧ್ಯೆ ಯಾವುದು ಮೊದಲು ಬಂತು ಅಂತ ಕೋರಿಲೇಶನ್ ತೆಗೆಯೋ ಪ್ರಯತ್ನ ನಡೀತಿದೆ, ಚಪ್ಪಾಳೆಗೆ ಕೆಲಸ ಮಾಡುತ್ತೆ, ಮಾತಿಗೆ ಇನ್ನೂ ಇಲ್ಲ.

ಖರ್ಚು ಒಟ್ಟು 8,340 ರೂಪಾಯಿ, ಓಡಾಟ ಬಿಟ್ಟು. ಅದರಲ್ಲಿ ಇಎಸ್‌ಪಿ32 ಎರಡು, ಪ್ಲೈವುಡ್, ಸತ್ತ ಮೂರು ಮೈಕ್ ಸೇರಿ 1,370 ಉಪಯೋಗಕ್ಕೆ ಬರದೇ ಹೋಯ್ತು. ಮೂರು ಮೈಕ್ ಸ್ಪೇರ್ ಉಳಿದಿದೆ, ಮುಂದಿನ ವಾರ 6ನೇದನ್ನ ಬದಲಾಯಿಸಿ ಕ್ಯಾಲಿಬ್ರೇಶನ್ ಮತ್ತೆ ಮಾಡ್ಬೇಕು, ತಾರಸಿ ಒಣಗಿದ ದಿನ.